ಹಳೆಯ ರೊಟ್ಟಿಗೆ ಹೊಸ ಮಡಿಕೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಜನಪದರ ಅನುಭವದ ನುಡಿ. ಊಟವನ್ನು ಬಲ್ಲವನಾಗುವುದೆಂದರೆ ಯಾವುದನ್ನು ಎಷ್ಟು ಉಣ್ಣಬೇಕೆಂದು ತಿಳಿಯುವುದರ ಜೊತೆಗೆ, ತಟ್ಟೆಯಲ್ಲಿರುವುದು ಎಲ್ಲಿಂದ ಬಂದಿತು, ಯಾರ ಕೈಯಲ್ಲಿ ಹದಗೊಂಡಿತು ಎಂಬುದನ್ನೂ ಅರಿಯುವುದು. ನಗರಗಳಲ್ಲಿ ಇಂದು ಹುಟ್ಟುಹಬ್ಬದ ಊಟವು ಮನೆಯ ಪಡಸಾಲೆಯಿಂದ ಹೋಟೆಲಿನ ಮೇಜಿಗೆ ಸಾಗಿದೆ. ಅದರಲ್ಲಿಯೂ ಎರಡು ಮೂರು ದೇಶಗಳ ಅಡುಗೆಯನ್ನು ಒಂದೇ ತಟ್ಟೆಯಲ್ಲಿ ಬೆಸೆಯುವ ‘ಫ್ಯೂಷನ್’ ಹೋಟೆಲುಗಳೆಂದರೆ ಎಳೆಯರಿಗೆ ಬಲು ಪ್ರೀತಿ. ಹಿರಿಯರಲ್ಲಿ ಅನೇಕರು ಇದನ್ನು ಕಂಡು ಮುಖ ಸಿಂಡರಿಸುವುದುಂಟು. ಈ ವಿಷಯವನ್ನು ತುಸು ಸಾವಧಾನದಿಂದ ಪರಿಶೀಲಿಸುವುದು ಯೋಗ್ಯವೆಂದು ನಮಗೆ ತೋರಿದೆ.

ಈಚೆಗೆ ಬೆಂಗಳೂರಿನಲ್ಲಿ ನಮ್ಮ ಬಂಧುಗಳ ಮನೆಯ ಹೆಣ್ಣುಮಗಳೊಬ್ಬಳಿಗೆ 16 ವರ್ಷ ತುಂಬಿತು. ಅವಳ ಒತ್ತಾಯಕ್ಕೆ ಮಣಿದು ಅಂತಹ ಒಂದು ಶಾಕಾಹಾರಿ ಹೋಟೆಲಿಗೆ ನಾವೂ ಹೋಗಬೇಕಾಯಿತು. ಮೇಜಿಗೆ ಬಂದದ್ದು ಮೆಕ್ಸಿಕೊ ದೇಶದ ‘ಟಾಕೊ’ ಎಂಬ ತಿನಿಸು. ಆದರೆ ಮೆಕ್ಕೆಜೋಳದ ರೊಟ್ಟಿಯ ಸ್ಥಾನದಲ್ಲಿ ಅಂಗೈಯಗಲದ ಬಿಳಿಜೋಳದ ರೊಟ್ಟಿ. ಅದರ ಮಡಿಕೆಯೊಳಗೆ ಬದನೆಯ ಎಣಗಾಯಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು, ಮೇಲೊಂದಿಷ್ಟು ಗುರೆಳ್ಳಿನ ಪುಡಿ. ಮನೆಯಲ್ಲಿ ರೊಟ್ಟಿಯೆಂದರೆ ದೂರ ಸರಿಯುವ ಆ ಹುಡುಗಿ ಮೂರು ತರಿಸಿಕೊಂಡು ಉಂಡಳು. ಪಕ್ಕದಲ್ಲಿ ಕುಳಿತಿದ್ದ ಅವಳ ಅಜ್ಜಿ ವಿಜಯಪುರ ಸೀಮೆಯವರು. ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಐವತ್ತ ವರ್ಷ ನಾ ಬಡದದ್ದೂ ಇದೇ ರೊಟ್ಟಿ ಅಲ್ಲೇನವಾ?” ಎಂದರು. ಆ ಮಾತಿನಲ್ಲಿ ಸಂತೋಷವೂ ಇತ್ತು, ನೋವೂ ಇತ್ತು.

ಬೆರಕೆಯಿಂದ ಅಡುಗೆ ಕೆಡುತ್ತದೆಯೆನ್ನುವ ಹಿರಿಯರು ಒಂದು ಸಂಗತಿಯನ್ನು ಗಮನಿಸಬೇಕು. ನಾವು ನಮ್ಮದೆಂದು ನಂಬಿರುವ ಜೋಳ ಮತ್ತು ರಾಗಿ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾ ಖಂಡದಿಂದ ಬಂದ ಧಾನ್ಯಗಳು. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಆಲೂಗಡ್ಡೆ ಇವೆಲ್ಲವೂ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದ ತರುವಾಯವೇ ಮೆಣಸಿನಕಾಯಿ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಯನ್ನು ಮುಟ್ಟಿತು. ಅಂದು ಪರದೇಶಿಯಾಗಿದ್ದ ಆ ಕಾಯಿಗೆ 2011ರಲ್ಲಿ ‘ಬ್ಯಾಡಗಿ’ಯ ಹೆಸರಿನಲ್ಲಿಯೇ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎಣಗಾಯಿಯ ಮಸಾಲೆಯಿಂದ ಮೆಣಸಿನಕಾಯಿಯನ್ನೂ ಶೇಂಗಾವನ್ನೂ ತೆಗೆದರೆ ಉಳಿಯುವುದೇನು? ಬೆರೆಯುವುದು ಅಡುಗೆಯ ಸ್ವಭಾವ. ಅದರಲ್ಲಿ ದೋಷವೆಣಿಸುವುದು ಸಲ್ಲದು.

ದೋಷ ಬೇರೆಡೆ ಇದೆ. ಪದಾರ್ಥವನ್ನು ಪಡೆದು ಅದರ ಜ್ಞಾನವನ್ನು ಬಿಟ್ಟುಬರುವುದರಲ್ಲಿದೆ. ಇದಕ್ಕೆ ಟಾಕೊ ಎಂಬ ತಿನಿಸಿನ ಮೂಲಧಾನ್ಯವೇ ಸಾಕ್ಷಿ. ಮೆಕ್ಸಿಕೊ ದೇಶದ ತಾಯಂದಿರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ಬಳಿಕ ಅರೆದು ರೊಟ್ಟಿ ಮಾಡುತ್ತಿದ್ದರು. ಸುಣ್ಣದಿಂದ ಕಾಳಿನ ಸಿಪ್ಪೆ ಬಿಡುತ್ತದೆ. ಕಾಳಿನಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವವು ದೇಹಕ್ಕೆ ದಕ್ಕುತ್ತದೆ. ಯುರೋಪಿನವರು ಧಾನ್ಯವನ್ನು ಕೊಂಡೊಯ್ದರು, ಸುಣ್ಣದ ವಿದ್ಯೆಯನ್ನು ಅಲ್ಲಿಯೇ ಬಿಟ್ಟರು. ಪರಿಣಾಮವಾಗಿ, ಮೆಕ್ಕೆಜೋಳವನ್ನೇ ನೆಚ್ಚಿದ ಉತ್ತರ ಇಟಲಿಯ ಬಡವರೂ, 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರೂ ಪೆಲಾಗ್ರ ಎಂಬ ರೋಗಕ್ಕೆ ಅಪಾರ ಸಂಖ್ಯೆಯಲ್ಲಿ ತುತ್ತಾದರು. ಅಡುಗೆಮನೆಯ ಅರಿವನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನಮ್ಮ ಜೋಳಕ್ಕೂ ಅದರದೇ ಆದ ವಿದ್ಯೆಯಿದೆ. ಹೋಟೆಲಿನಿಂದ ಬಂದ ಮರುವಾರ ಆ ಹುಡುಗಿ ತಾನೇ ಮನೆಯಲ್ಲಿ ಅದನ್ನು ಮಾಡಲು ಹೊರಟಳಂತೆ. ತಣ್ಣೀರಿನಲ್ಲಿ ಹಿಟ್ಟು ಕಲಸಿದಳು. ತಟ್ಟಲು ಹೋದರೆ ಅಂಚು ಒಡೆಯಿತು, ಎತ್ತಲು ಹೋದರೆ ಹರಿಯಿತು. ಗೋಧಿಯಲ್ಲಿರುವ ಅಂಟಿನ ಅಂಶ ಜೋಳದಲ್ಲಿಲ್ಲ. ಆದುದರಿಂದಲೇ ಕುದಿಯುವ ನೀರನ್ನು ಹಿಟ್ಟಿಗೆ ಹೊಯ್ಯಬೇಕು. ಆ ಬಿಸಿಗೆ ಹಿಟ್ಟಿನ ಪಿಷ್ಟವು ಅರೆಬೆಂದು ಜಿಗಿಯಾಗುತ್ತದೆ, ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ಅಜ್ಜಿ ಪರಾತದ ಮುಂದೆ ಕುಳಿತು ಇದನ್ನು ಕೈಹಿಡಿದು ಕಲಿಸಿದರು. ಮೊದಲ ಮೂರು ರೊಟ್ಟಿ ಹರಿದವು. ನಾಲ್ಕನೆಯದು ಹಂಚಿನ ಮೇಲೆ ಉಬ್ಬಿತು.

ಮನೆಯಲ್ಲಿ ಮಾಡಬಯಸುವವರಿಗಾಗಿ ಅವರ ಕ್ರಮವನ್ನು ಇಲ್ಲಿ ಹೇಳುತ್ತೇವೆ. ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು. ಒಂದು ಬಟ್ಟಲು ಹಿಟ್ಟಿಗೆ ಹೆಚ್ಚುಕಡಿಮೆ ಒಂದು ಬಟ್ಟಲು ಕುದಿಯುವ ನೀರು, ಚಿಟಿಕೆ ಉಪ್ಪು. ಸೌಟಿನಿಂದ ಕಲಸಿ, ಕೈಗೆ ತಡೆಯುವಷ್ಟು ಆರಿದೊಡನೆ ಚೆನ್ನಾಗಿ ನಾದಬೇಕು. ಸಣ್ಣ ಉಂಡೆಗಳನ್ನು ಒಣಹಿಟ್ಟಿನ ಮೇಲೆ ಅಂಗೈಯಗಲಕ್ಕೆ ಬಡಿದು, ಕಾದ ಹಂಚಿಗೆ ಹಾಕಿ, ಮೇಲ್ಭಾಗಕ್ಕೆ ಒದ್ದೆ ಅರಿವೆಯಿಂದ ನೀರು ಸವರಬೇಕು. ನೀರು ಆರಿದ ಮೇಲೆ ತಿರುವಿ ಬೇಯಿಸಿ, ಬಿಸಿಯಿರುವಾಗಲೇ ಮಡಿಸಿ ಬಟ್ಟೆಯಲ್ಲಿ ಸುತ್ತಿಡಬೇಕು; ಆರಿದ ರೊಟ್ಟಿಯಾಗಲಿ ಕಟಕ ರೊಟ್ಟಿಯಾಗಲಿ ಮಡಿಸಿದರೆ ಮುರಿಯುತ್ತದೆ. ಒಳಗೆ ಎಣಗಾಯಿ ಅಥವಾ ಮಡಿಕೆಕಾಳಿನ ಪಲ್ಯ, ಮೆಂತ್ಯಸೊಪ್ಪು ಸವತೆಕಾಯಿಗಳ ಪಚಡಿ, ಮೊಸರು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿಯೊಂದೇ ಸಾಕು. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಮ್ಮ ಸರ್ಕಾರವು 2024ರ ಮಾರ್ಚಿಯಲ್ಲಿ ನಿಷೇಧಿಸಬೇಕಾಗಿ ಬಂದುದನ್ನು ತಾಯಂದಿರು ಮರೆಯಬಾರದು.

ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಜಗತ್ತೇ ಜೋಳದ ಕಡೆಗೆ ತಿರುಗಿರುವಾಗ ಜೋಳ ಬೆಳೆವ ನಾಡಿನ ಮನೆಗಳಲ್ಲಿ ರೊಟ್ಟಿ ಬಡಿಯುವ ಕೈಗಳು ಕಡಿಮೆಯಾಗುತ್ತಿರುವುದು ವಿಷಾದದ ಸಂಗತಿ. ಬೆಸುಗೆ ನಿಲ್ಲಬೇಕಾದರೆ ಎರಡು ಲೋಹಗಳೂ ಗಟ್ಟಿಯಿರಬೇಕು. ಹೊಸ ಮಡಿಕೆಯನ್ನು ಹೋಟೆಲಿನವರು ಕಲಿಸಬಲ್ಲರು. ರೊಟ್ಟಿಯ ಹದವನ್ನು ಕಲಿಸಬಲ್ಲವರು ನಿಮ್ಮ ಮನೆಯ ಹಿರಿಯರು. ಎಳೆಯರು ಹೊಸರುಚಿಯನ್ನು ತಂದರೆ ಹಿರಿಯರು ಗದರಿಸದೆ ಉಂಡು ನೋಡಲಿ. ಎಳೆಯರೂ, ಹುಡುಗ ಹುಡುಗಿಯೆಂಬ ಭೇದವಿಲ್ಲದೆ, ವಾರಕ್ಕೊಂದು ದಿನ ಅಜ್ಜಿಯ ಪಕ್ಕದಲ್ಲಿ ಕುಳಿತು ಹಿಟ್ಟು ನಾದಲಿ. ಆ ಕೈಗಳು ನಮ್ಮೊಡನಿರುವಾಗಲೇ ಈ ಕಲಿಕೆ ನಡೆಯಬೇಕು.