ಎರಡನೆಯ ಮಾನಿಟರ್‌ಗೆ ಎರಡನೆಯ ಗ್ರಾಫಿಕ್ಸ್ ಕಾರ್ಡ್ ಬೇಕೇ?

ಮಾಸಿಕ ರಿಟರ್ನ್ ಸಲ್ಲಿಸುವ ವರ್ತಕರಿಗೆ ಪ್ರತಿ ತಿಂಗಳ 14ರಿಂದ 20ನೆಯ ತಾರೀಖಿನವರೆಗೆ ಬಿಡುವೆಂಬುದಿಲ್ಲ. 14ರಂದು ಜಿಎಸ್‌ಟಿ ಜಾಲತಾಣದಲ್ಲಿ 2ಬಿ ಪಟ್ಟಿ ಸಿದ್ಧವಾಗುತ್ತದೆ. 20ರೊಳಗೆ 3ಬಿ ನಮೂನೆ ಸಲ್ಲಿಸಬೇಕು. ಈ ನಡುವೆ ಖರೀದಿ ಪುಸ್ತಕದ ಒಂದೊಂದು ಬಿಲ್ಲನ್ನೂ ಆ ಪಟ್ಟಿಯೊಡನೆ ತಾಳೆ ನೋಡುವ ಕೆಲಸವಿರುತ್ತದೆ. 2022ರ ಜನವರಿ 1ರಿಂದ ಮಾರಾಟಗಾರನು ತನ್ನ ವಿವರದಲ್ಲಿ ತೋರಿಸದ ಬಿಲ್ಲಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ತಪ್ಪಾಗಿ ಪಡೆದು ಬಳಸಿಕೊಂಡ ಜಮೆಗೆ ವಾರ್ಷಿಕ ಶೇಕಡಾ 18ರಂತೆ ಬಡ್ಡಿ ತೆರಬೇಕಾಗುತ್ತದೆ.

ಒಂದೇ ಪರದೆಯ ಮುಂದೆ ಕುಳಿತ ಗುಮಾಸ್ತನು ಬಿಲ್ಲಿನ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಪರದೆ ಬದಲಿಸಿ, ಮತ್ತೊಂದು ಪಟ್ಟಿಯಲ್ಲಿ ಹುಡುಕುತ್ತಾನೆ. ಒಂದು ಅಂಕಿ ಹಿಂದುಮುಂದಾದರೆ ತಪ್ಪು ಅಲ್ಲಿಯೇ ನುಸುಳುತ್ತದೆ. ಒಂದು ಪರದೆಯಲ್ಲಿ ಖರೀದಿ ಪುಸ್ತಕ, ಪಕ್ಕದ ಪರದೆಯಲ್ಲಿ 2ಬಿ ಪಟ್ಟಿ ಇದ್ದರೆ ಕಣ್ಣು ಹಾಯಿಸಿದರೆ ಸಾಕು. ಲೆಕ್ಕಪತ್ರ ವಿಭಾಗಕ್ಕೆ ಎರಡನೆಯ ಮಾನಿಟರ್ ಆಡಂಬರವಲ್ಲ.

ಆದರೆ ಮಾನಿಟರ್ ಕೊಳ್ಳಲು ಹೋದವರು ಅದರೊಡನೆ ಎರಡನೆಯ ಗ್ರಾಫಿಕ್ಸ್ ಕಾರ್ಡನ್ನೂ ಕೊಂಡು ತರುವುದುಂಟು. ಇದು ಎಷ್ಟು ಅಗತ್ಯ?

ಹಿಂದಿನ ರೂಢಿ

ಈ ನಂಬಿಕೆಗೆ ಕಾರಣವಿದೆ. ವಿಂಡೋಸ್‌ನಲ್ಲಿ ಹಲವು ಮಾನಿಟರ್‌ಗಳ ಸೌಲಭ್ಯ ಬಂದದ್ದು 1998ರ ಆವೃತ್ತಿಯಲ್ಲಿ. ಆಗಿನ ಬಹುತೇಕ ಕಾರ್ಡ್‌ಗಳಿಗೆ ಇದ್ದುದು ಒಂದೇ ಮಾನಿಟರ್ ಕಿಂಡಿ. ಎಜಿಪಿ ಸ್ಲಾಟ್ ಸಹ ಸಾಮಾನ್ಯವಾಗಿ ಒಂದೇ ಇರುತ್ತಿದ್ದುದರಿಂದ ಎರಡನೆಯ ಕಾರ್ಡನ್ನು ಪಿಸಿಐ ಸ್ಲಾಟಿನಲ್ಲಿ ಕೂರಿಸಬೇಕಾಗಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಕಿಂಡಿಗಳಿರುತ್ತವೆ. ಕಾರ್ಡ್ ಇಲ್ಲದ ಯಂತ್ರಗಳ ಮದರ್‌ಬೋರ್ಡಿನಲ್ಲೂ ವಿಜಿಎ, ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್‌ಗಳ ಪೈಕಿ ಎರಡಾದರೂ ಇರುವುದು ವಾಡಿಕೆ.

ಆದುದರಿಂದ ಮೊದಲು ಯಂತ್ರದ ಹಿಂಬದಿಯನ್ನು ಪರಿಶೀಲಿಸಬೇಕು. ಎರಡು ಕಿಂಡಿಗಳಿದ್ದರೆ ಎರಡೂ ಮಾನಿಟರ್‌ಗಳನ್ನು ಜೋಡಿಸಿ, ವಿಂಡೋಸ್ ಕೀಲಿಯೊಡನೆ ‘ಪಿ’ ಕೀಲಿಯನ್ನು ಒತ್ತಿ ‘ಎಕ್ಸ್‌ಟೆಂಡ್’ ಆಯ್ದರೆ ಬಹುಮಟ್ಟಿಗೆ ಕೆಲಸ ಮುಗಿಯುತ್ತದೆ. ಒಂದೇ ಕಿಂಡಿಯಿಂದ ಎರಡು ಕೇಬಲ್ ಕವಲೊಡೆಸುವ ಅಗ್ಗದ ಸ್ಪ್ಲಿಟರ್ ಕೊಂಡು ಮೋಸಹೋಗಬಾರದು. ಅದು ಎರಡೂ ಪರದೆಗಳಲ್ಲಿ ಒಂದೇ ಚಿತ್ರವನ್ನು ತೋರಿಸುತ್ತದೆ.

ಕಾರ್ಡ್ ಬೇಕಾದಾಗ

ಇರುವ ಕಿಂಡಿಗಳು ಸಾಲದಿದ್ದಾಗ ಅಥವಾ ಕೆಟ್ಟಿದ್ದಾಗ ಮಾತ್ರ ಕಾರ್ಡಿನ ಪ್ರಶ್ನೆ ಬರುತ್ತದೆ. ಆಗಲೂ ಹಣ ಕೊಡುವ ಮುನ್ನ ನಾಲ್ಕು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು ಸ್ಲಾಟ್. ಪಿಸಿಐ ಎಕ್ಸ್‌ಪ್ರೆಸ್‌ನ ಉದ್ದನೆಯ ಸ್ಲಾಟ್ ಖಾಲಿ ಇದೆಯೇ ಎಂದು ನೋಡಬೇಕು. ಎರಡನೆಯದು ವಿದ್ಯುತ್. ಈ ಸ್ಲಾಟಿನಿಂದ ಗರಿಷ್ಠ 75 ವ್ಯಾಟ್ ಮಾತ್ರ ದೊರೆಯುತ್ತದೆ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಕು. ಕಚೇರಿ ಕೆಲಸಕ್ಕೆ ಅಂತಹ ಕಾರ್ಡಿನ ಅಗತ್ಯವೇ ಇಲ್ಲ. ಮೂರನೆಯದು ಕ್ಯಾಬಿನೆಟ್ಟಿನ ಅಳತೆ. ಕಿರಿದಾದ ಕ್ಯಾಬಿನೆಟ್ಟಿಗೆ ಕಡಿಮೆ ಎತ್ತರದ ಕಾರ್ಡನ್ನೇ ಕೇಳಿ ಪಡೆಯಬೇಕು.

ನಾಲ್ಕನೆಯದು ಡ್ರೈವರ್. ಹೆಚ್ಚು ತೊಂದರೆ ಇಲ್ಲಿಯೇ. ಒಂದೇ ಕಂಪನಿಯ ಹಳೆಯ ಮತ್ತು ಹೊಸ ಪೀಳಿಗೆಯ ಕಾರ್ಡ್‌ಗಳಿಗೆ ಬೇರೆ ಬೇರೆ ಆವೃತ್ತಿಯ ಡ್ರೈವರ್ ಬೇಕಾದರೆ ಅವೆರಡೂ ಒಟ್ಟಿಗೆ ನಡೆಯದಿರಬಹುದು. ಮೂಲೆಯಲ್ಲಿ ಬಿದ್ದ ಹಳೆಯ ಕಾರ್ಡನ್ನು ಹಾಕಿ ಉಳಿತಾಯ ಮಾಡಹೊರಟವರು ಒಂದು ದಿನದ ಕೆಲಸ ಕಳೆದುಕೊಳ್ಳುವುದು ಹೀಗೆಯೇ.

ಕಾರ್ಡ್ ಕೂರಿಸಿದ ಮೇಲೆ ಮದರ್‌ಬೋರ್ಡಿನ ಕಿಂಡಿ ನಿಂತುಹೋದರೆ ಗಾಬರಿ ಬೇಡ. ಹಲವು ಯಂತ್ರಗಳು ಹೊಸ ಕಾರ್ಡ್ ಕಂಡೊಡನೆ ಅದನ್ನು ತಾವಾಗಿಯೇ ನಿಲ್ಲಿಸುತ್ತವೆ. ಬಯಾಸ್‌ನಲ್ಲಿ ಅದನ್ನು ಮರಳಿ ಚಾಲನೆಗೊಳಿಸುವ ಅವಕಾಶವಿದ್ದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ.

ಲೆಕ್ಕಪತ್ರದ ಅಂಶಗಳು

ಹೊಸದಾಗಿ ಸೇರಿಸಿದ ಮಾನಿಟರ್ ಮತ್ತು ಕಾರ್ಡನ್ನು ಖರ್ಚಿನ ಖಾತೆಗೆ ಬರೆಯದೆ ಕಂಪ್ಯೂಟರ್ ಸ್ವತ್ತಿನಲ್ಲಿ ತೋರಿಸುವುದು ಸೂಕ್ತ. ಕೆಟ್ಟ ಕಾರ್ಡಿನ ಬದಲಿಗೆ ಹಾಕಿದ್ದು ಸಾಮಾನ್ಯವಾಗಿ ದುರಸ್ತಿ ವೆಚ್ಚ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗಳ ಸವಕಳಿ ದರ 2017-18ನೆಯ ಸಾಲಿನಿಂದ ಶೇಕಡಾ 60ರ ಬದಲು 40 ಆಯಿತು. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಹೊಸ ಸ್ವತ್ತಿಗೆ ಆ ವರ್ಷ ಅರ್ಧ ಸವಕಳಿ ಮಾತ್ರ.

ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿಕೊಂಡರೆ ತೆರಿಗೆಯ ಜಮೆ ಪಡೆಯಬಹುದು; ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳಿದರೆ ಜಮೆಯನ್ನು ಬಿಡಬೇಕಾಗುತ್ತದೆ. ಎರಡನ್ನೂ ಪಡೆಯಲಾಗದು.

ವಿದ್ಯುತ್ ವೆಚ್ಚವೂ ಹೊರೆಯಲ್ಲ. 20 ವ್ಯಾಟಿನ ಮಾನಿಟರ್ ದಿನಕ್ಕೆ 8 ಗಂಟೆಯಂತೆ 300 ದಿನ ನಡೆದರೆ ವರ್ಷಕ್ಕೆ 48 ಯೂನಿಟ್ ಆಗುತ್ತದೆ. ತಾಳೆ ತಪ್ಪಿದ ಒಂದು ದೊಡ್ಡ ಬಿಲ್ಲಿನ ಬಡ್ಡಿ ಇದಕ್ಕಿಂತ ಹೆಚ್ಚಾದೀತು. ವರ್ತಕರು ಮಾನಿಟರ್‌ಗೆ ಹಿಂಜರಿಯಬೇಕಾಗಿಲ್ಲ. ಕಾರ್ಡಿಗೆ ಮಾತ್ರ ಅವಸರಪಡಬಾರದು.