ಮಾತು ಕಲಿಸುವ ವಿದ್ಯೆ

ಮಗುವಿಗೆ ಮಾತು ಬಾರದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಸಮಾಧಾನದ ನುಡಿ. ‘ಅವರಪ್ಪನೂ ಹೀಗೇ, ನಾಲ್ಕು ವರ್ಷಕ್ಕೆ ಬಾಯಿಬಿಟ್ಟ’ ಎನ್ನುತ್ತಾಳೆ ಅಜ್ಜಿ. ಬಜೆ ತೇಯ್ದು ನಾಲಿಗೆಗೆ ಹಚ್ಚಿರೆಂದು ನೆರೆಮನೆಯವರು ಸೂಚಿಸುತ್ತಾರೆ. ಮನೆದೇವರಿಗೆ ಹರಕೆಯೂ ಸಲ್ಲುತ್ತದೆ. ಹೀಗೆಯೇ ಒಂದು ವರ್ಷ, ಎರಡು ವರ್ಷ ಕಳೆದುಹೋಗುತ್ತದೆ. ಮಾತು ಕಲಿಯುವುದಕ್ಕೆ ಅತ್ಯಂತ ಅನುಕೂಲವಾದ ಕಾಲ ಬಾಲ್ಯದ ಆ ಮೊದಲ ವರ್ಷಗಳೇ ಎಂಬುದು ಆಗ ಯಾರ ನೆನಪಿಗೂ ಬರುವುದಿಲ್ಲ.

ತಡವಾಗಿ ಮಾತು ಬಂದು, ಮುಂದೆ ಚೆನ್ನಾಗಿ ಮಾತನಾಡಿದವರು ಇಲ್ಲದಿಲ್ಲ. ಆದರೆ ತಾನಾಗಿಯೇ ಬರುವ ಮಾತು ಯಾವುದು, ನೆರವಿಲ್ಲದೆ ಬಾರದ ಮಾತು ಯಾವುದು ಎಂದು ಗುರುತಿಸುವುದಕ್ಕೆ ಮಮತೆಯೊಂದೇ ಸಾಲದು, ವಿದ್ಯೆಯೂ ಬೇಕು. ಆ ವಿದ್ಯೆಯನ್ನು ವೃತ್ತಿಯಾಗಿ ಕಲಿತವರೇ ವಾಕ್ ಚಿಕಿತ್ಸಕರು. ಮಗ ಡಾಕ್ಟರಾಗಲಿ, ಮಗಳು ಎಂಜಿನಿಯರಾಗಲಿ ಎಂದು ಲೆಕ್ಕ ಹಾಕುವ ಮನೆಗಳಲ್ಲಿ ಈ ವೃತ್ತಿಯ ಹೆಸರು ಇನ್ನೂ ಅಪರೂಪ. ಆದರೆ ಭಾರತದಲ್ಲಿ ಈ ವಿದ್ಯೆಗೆ ಹೆಸರಾದ ಪೀಠ ಇರುವುದು ಕನ್ನಡ ನಾಡಿನಲ್ಲಿಯೇ, ಮೈಸೂರಿನಲ್ಲಿ.

ರೈಲಿನ ಹಾದಿಯ ಊರುಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಮಾರ್ಗದಲ್ಲಿ ರಾಮನಗರವೂ ಚನ್ನಪಟ್ಟಣವೂ ಸಿಗುತ್ತವೆ. ಒಂದು ರೇಷ್ಮೆಗೂಡಿನ ಮಾರುಕಟ್ಟೆಗೆ ಪ್ರಸಿದ್ಧವಾದ ಊರು. ಇನ್ನೊಂದು ಬಣ್ಣದ ಬೊಂಬೆಗಳಿಗೆ ಪ್ರಸಿದ್ಧವಾದದ್ದು. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ, ಬಸ್ಸೇ ಗತಿ. ಮಗುವಿನ ಮಾತಿನ ತೊಂದರೆಗೆ ದೊಡ್ಡ ಸಂಸ್ಥೆಯ ಸಲಹೆ ಬೇಕಾದಾಗ ಈ ನಾಲ್ಕು ತಾಲ್ಲೂಕುಗಳ ತಂದೆತಾಯಿಯರು ಒಂದೋ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಮೈಸೂರಿಗೆ.

ಒಂದು ಸಲ ಹೋಗಿಬಂದರೆ ಮುಗಿಯಿತೆನ್ನುವಂತಿಲ್ಲ. ಜ್ವರಕ್ಕೆ ಕೊಡುವ ಔಷಧಿಯಂತೆ ಮಾತಿಗೆ ಸೀಸೆಯಲ್ಲಿ ತುಂಬಿಕೊಡುವ ಮದ್ದು ಯಾವುದೂ ಇಲ್ಲ. ವಾರವಾರವೂ ಅಭ್ಯಾಸ ನಡೆಯಬೇಕು; ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ನೂಲು ಬಿಚ್ಚುವ ಕೂಲಿಕಾರನಿಗೆ ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಕೂಲಿ ನಷ್ಟ. ಮೂರು ನಾಲ್ಕು ಸಲ ಹೋಗಿ, ಆಮೇಲೆ ಬಿಟ್ಟುಬಿಡುವ ಸಂಸಾರವನ್ನು ದೂರುವುದು ಸುಲಭ. ಆದರೆ ಕಲಿತ ಒಬ್ಬ ವ್ಯಕ್ತಿ ಹತ್ತಿರದಲ್ಲಿಯೇ ಇದ್ದಿದ್ದರೆ ಆ ಮಗುವಿನ ಗತಿ ಬೇರೆಯಾಗಬಹುದಾಗಿತ್ತು. ಈ ವಿದ್ಯೆಯ ತರಬೇತಿಯ ಪ್ರಶ್ನೆ ಇಂತಹ ಊರುಗಳಿಗೆ ಮುಖ್ಯವಾಗುವುದು ಇದೇ ಕಾರಣದಿಂದ.

ಮೈಸೂರಿನಲ್ಲಿ ಬೆಳೆದ ವಿದ್ಯೆ

ಪಾಶ್ಚಾತ್ಯ ದೇಶಗಳಲ್ಲಿಯೂ ಇದು ಬಹಳ ಹಳೆಯ ವೃತ್ತಿಯಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ‘ತಾನ್’ ಎಂಬ ಒಂದು ಸದ್ದನ್ನಲ್ಲದೆ ಹೆಚ್ಚೇನನ್ನೂ ನುಡಿಯಲಾರದಿದ್ದ ರೋಗಿಯೊಬ್ಬನ ಮಿದುಳನ್ನು ಅವನು ಸತ್ತ ಮೇಲೆ ಪರೀಕ್ಷಿಸಿದನು. ಮಿದುಳಿನ ಎಡಭಾಗದ ಮುಂಬದಿಯಲ್ಲಿ ಪೆಟ್ಟಾಗಿದ್ದುದು ಕಂಡುಬಂದಿತು. ಮಾತಿಗೂ ಮಿದುಳಿಗೂ ಇರುವ ನಂಟಿನ ಶೋಧಕ್ಕೆ ಅದು ಹೊಸ ದಾರಿ ತೆರೆಯಿತು. ಅಮೆರಿಕದಲ್ಲಿ ಮಾತು ತಿದ್ದುವವರು ತಮ್ಮದೇ ವೃತ್ತಿಸಂಘವನ್ನು ಕಟ್ಟಿಕೊಂಡದ್ದು 1925ರಲ್ಲಿ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದದ್ದು 1965ರಲ್ಲಿ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜನ ಅದನ್ನು ‘ಆಯಿಷ್’ ಎಂದು ಕರೆಯುತ್ತಾರೆ. ಮಾನಸಗಂಗೋತ್ರಿಯ ಪ್ರಶಾಂತ ವಾತಾವರಣದಲ್ಲಿ ನಿಂತಿರುವ ಈ ಸಂಸ್ಥೆ ಕೇಂದ್ರ ಸರ್ಕಾರದ ಆರೋಗ್ಯ ಸಚಿವಾಲಯಕ್ಕೆ ಸೇರಿದ್ದು. ಪದವಿ ನೀಡುವುದು ಮೈಸೂರು ವಿಶ್ವವಿದ್ಯಾನಿಲಯ. ಇಲ್ಲಿ ಮೊದಲು ಪ್ರಾರಂಭವಾದದ್ದು ಎಂ.ಎಸ್ಸಿ. ತರಗತಿ, 1966ರಲ್ಲಿ, ಬಿ.ಎಸ್ಸಿ. ತರಗತಿ ಬಂದದ್ದು ಅನಂತರ. ಕಲಿಸುವವರೇ ಇಲ್ಲದ ವಿದ್ಯೆಗೆ ಮೊದಲು ಗುರುಗಳನ್ನು ಸಿದ್ಧಪಡಿಸಬೇಕಾಗಿದ್ದುದು ಸಹಜವೇ. ಕನ್ನಡದ ಹವ್ಯಾಸಿ ರಂಗಭೂಮಿಯಲ್ಲಿ ನಾಟಕಕಾರರಾಗಿ ಹೆಸರಾದ ನ. ರತ್ನ ಅವರು ಇಲ್ಲಿನ ನಿರ್ದೇಶಕರಾಗಿದ್ದವರು. ರಂಗದ ಮೇಲಿನ ಮಾತನ್ನು ಬಲ್ಲವರು ಬಾಯಿಗೆ ಬಾರದ ಮಾತಿಗೂ ದುಡಿದರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಆರು ವರ್ಷಗಳ ವ್ಯಾಸಂಗ

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ ವಿದ್ಯಾರ್ಥಿಗೆ ಈ ಹಾದಿ ತೆರೆದಿದೆ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ‘ಬಿ.ಎ.ಎಸ್.ಎಲ್.ಪಿ.’ ಎಂಬ ಪದವಿಗೆ ಸೇರಬೇಕು. ಶ್ರವಣವಿಜ್ಞಾನವನ್ನೂ ವಾಕ್-ಭಾಷಾ ವಿಜ್ಞಾನವನ್ನೂ ಒಟ್ಟಿಗೆ ಕಲಿಸುವ ಈ ವ್ಯಾಸಂಗದ ಅವಧಿ ನಾಲ್ಕು ವರ್ಷ. ಮೂರು ವರ್ಷದ ಪಾಠ, ಒಂದು ವರ್ಷದ ಕ್ಲಿನಿಕ್ ಸೇವೆ. ಬಳಿಕ ಎರಡು ವರ್ಷದ ಎಂ.ಎಸ್ಸಿ. ಅಲ್ಲಿ ಹಾದಿ ಕವಲೊಡೆಯುತ್ತದೆ: ಕಿವಿಯ ಕಡೆಗೆ ಒಲವುಳ್ಳವರು ಶ್ರವಣವಿಜ್ಞಾನವನ್ನೂ ಮಾತಿನ ಕಡೆಗೆ ಒಲವುಳ್ಳವರು ವಾಕ್-ಭಾಷಾ ವಿಜ್ಞಾನವನ್ನೂ ಆರಿಸಿಕೊಳ್ಳುತ್ತಾರೆ. ವೃತ್ತಿ ನಡೆಸುವುದಕ್ಕೆ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಪ್ರಕಾರ ಹೆಸರು ನೋಂದಾಯಿಸಿಕೊಳ್ಳಬೇಕು. ಭಾರತದಲ್ಲಿ ಪದವೀಧರರೇ ಕೆಲಸಕ್ಕೆ ಸೇರಬಹುದು. ಅಮೆರಿಕದಲ್ಲಾದರೆ ಸ್ನಾತಕೋತ್ತರ ಪದವಿಯಿಲ್ಲದೆ ಈ ವೃತ್ತಿಗೆ ಪೂರ್ಣ ಪ್ರವೇಶವಿಲ್ಲ.

ಓದಿನ ಹರಹು ಬೆರಗುಗೊಳಿಸುವಂಥದು. ಶ್ವಾಸಕೋಶದಿಂದ ಹೊರಟ ಗಾಳಿ ಧ್ವನಿತಂತುಗಳನ್ನು ಕಂಪಿಸುವಂತೆ ಮಾಡುವುದರಿಂದ ಸ್ವರ ಹುಟ್ಟುತ್ತದೆ. ಗಂಡಸಿನ ಗಂಟಲಿನಲ್ಲಿ ಆ ತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸಿನ ಗಂಟಲಿನಲ್ಲಿ 200ಕ್ಕೂ ಮಿಕ್ಕಿ ಅದುರುತ್ತವೆ. ಆ ಸ್ವರವನ್ನು ನಾಲಿಗೆ, ತುಟಿ, ಅಂಗುಳಗಳು ಅಕ್ಷರವಾಗಿ ರೂಪಿಸುತ್ತವೆ. ಇದನ್ನು ತಿಳಿಯಲು ಅಂಗರಚನಾಶಾಸ್ತ್ರ ಬೇಕು. ಧ್ವನಿಯನ್ನು ಅಳೆಯಲು ಭೌತವಿಜ್ಞಾನ ಬೇಕು. ಮಾತಿನ ಕಟ್ಟಡ ಅರಿಯಲು ಭಾಷಾವಿಜ್ಞಾನ, ಮಗುವಿನ ಮನಸ್ಸನ್ನು ಅರಿಯಲು ಮನಶ್ಶಾಸ್ತ್ರ ಬೇಕು.

ಪುಸ್ತಕದ ಜೊತೆಜೊತೆಗೇ ಕ್ಲಿನಿಕ್ಕಿನ ಪಾಠವೂ ನಡೆಯುತ್ತದೆ. ಹುಟ್ಟಿನಿಂದಲೇ ಕಿವಿ ಕೇಳದ ಕೂಸು, ಸೀಳು ಅಂಗುಳದ ಬಾಲಕಿ, ತರಗತಿಯಲ್ಲಿ ಎದ್ದು ನಿಲ್ಲಲು ಅಂಜುವ ಉಗ್ಗಿನ ಹುಡುಗ, ಪಾಠ ಹೇಳಿ ಹೇಳಿ ಗಂಟಲು ಕಟ್ಟಿದ ಉಪಾಧ್ಯಾಯಿನಿ, ಲಕ್ವ ಹೊಡೆದು ಹೆಂಡತಿಯ ಹೆಸರನ್ನೂ ಹೇಳಲಾಗದ ಹಿರಿಯ, ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡವರು: ಇವರೆಲ್ಲರೂ ಆ ವಿದ್ಯಾರ್ಥಿಯ ಪಾಠಗಳೇ. ಕೆಲವು ರೋಗಿಗಳಿಗೆ ಅನ್ನ ನುಂಗುವುದನ್ನು ಮತ್ತೆ ಕಲಿಸುವುದೂ ಈ ವೃತ್ತಿಯ ಹೊಣೆ.

ಯಾವುದು ದೋಷ, ಯಾವುದು ಆಡುನುಡಿ?

ಈ ತರಬೇತಿಯ ಅತ್ಯಂತ ಸೂಕ್ಷ್ಮವಾದ ಭಾಗ ಬೇರೊಂದಿದೆ. ಅದಕ್ಕೆ ಯಾವ ಯಂತ್ರವೂ ಒದಗದು.

ಕನಕಪುರದ ಕಡೆಯ ಹಳ್ಳಿಯ ಮಗುವೊಂದು ‘ಹಾಲು’ ಎನ್ನಲು ‘ಆಲು’ ಎನ್ನುತ್ತದೆ, ‘ಶಾಲೆ’ಗೆ ‘ಸಾಲೆ’ ಎನ್ನುತ್ತದೆ, ‘ಬರುತ್ತೇನೆ’ ಎನ್ನುವ ಬದಲು ‘ಬತ್ತೀನಿ’ ಎನ್ನುತ್ತದೆ ಎಂದಿಟ್ಟುಕೊಳ್ಳೋಣ. ಪುಸ್ತಕದ ಕನ್ನಡವನ್ನಷ್ಟೇ ಬಲ್ಲವರು ಮೂರು ತಪ್ಪುಗಳನ್ನು ಗುರುತುಹಾಕಿಕೊಂಡಾರು. ವಾಸ್ತವವಾಗಿ ಅಲ್ಲಿ ಒಂದು ತಪ್ಪೂ ಇಲ್ಲ. ಅದು ಆ ಸೀಮೆಯ ಆಡುನುಡಿ. ಅಜ್ಜಿ, ತಾಯಿ, ಊರಿನವರೆಲ್ಲರೂ ಆಡುವ ಮಾತು. ಅದೇ ಓಣಿಯ ಐದು ವರ್ಷದ ಇನ್ನೊಂದು ಮಗು ‘ಕಾಗೆ’ಯನ್ನು ‘ತಾದೆ’ ಎಂದರೆ ವಿಷಯ ಬೇರೆ. ಎರಡು ವರ್ಷದ ಬಾಯಲ್ಲಿ ಮುದ್ದಾಗಿ ಕೇಳುವ ಆ ಮಾತು ಐದು ವರ್ಷದ ಬಾಯಲ್ಲಿಯೂ ಉಳಿದಿದ್ದರೆ ಪರೀಕ್ಷೆ ಅವಶ್ಯ. ಈ ಎರಡರ ವ್ಯತ್ಯಾಸ ಅರಿಯದಿದ್ದರೆ ಚಿಕಿತ್ಸೆ ಬೇಕಾದ ಮಗುವನ್ನು ಬಿಟ್ಟು, ಬೇಡವಾದ ಮಗುವನ್ನು ಹಿಂಸಿಸಿದಂತಾಗುತ್ತದೆ.

ಇಂಗ್ಲಿಷಿನ ಪರೀಕ್ಷೆಗಳನ್ನು ಕನ್ನಡದ ಮಗುವಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ನಮ್ಮ ಳಕಾರ ಣಕಾರಗಳ ಗೊಡವೆ ಆ ಭಾಷೆಗೆಲ್ಲಿದೆ? ಮೈಸೂರಿನ ಸಂಸ್ಥೆಯವರು 1972ರಲ್ಲಿಯೇ ಕನ್ನಡದ ಉಚ್ಚಾರಣೆಗಾಗಿ ಪ್ರತ್ಯೇಕ ಪರೀಕ್ಷೆಯನ್ನು ಪ್ರಕಟಿಸಿದರು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರತಿಭಾ ಕಾರಂತರು ಕನ್ನಡದ ಭಾಷಾ ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಯನ್ನು ರೂಪಿಸಿದರು. ರಾಮನಗರ, ಚನ್ನಪಟ್ಟಣಗಳಲ್ಲಿ ಉರ್ದು ಮನೆಮಾತಾಗಿರುವ ಸಂಸಾರಗಳೂ ಅನೇಕ. ಅಂಥ ಮಗುವನ್ನು ಅದರ ಮನೆಮಾತಿನಲ್ಲಿಯೇ ಪರೀಕ್ಷಿಸಬೇಕು. ಎರಡು ಭಾಷೆ ಕಿವಿಗೆ ಬೀಳುವುದರಿಂದ ಮಾತು ಕೆಡುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಬೊಂಬೆಯೂ ಒಂದು ಉಪಕರಣ

ಚನ್ನಪಟ್ಟಣದ ಕುಶಲಕರ್ಮಿ ಆಲೆಮರದ ತುಂಡನ್ನು ಚರಕಿಗೆ ಹಚ್ಚಿ, ತಿರುಗುವಾಗಲೇ ಅರಗಿನ ಬಣ್ಣವನ್ನು ಮೆತ್ತಿಸುತ್ತಾನೆ. ಹೀಗೆ ತಯಾರಾದ ಗಿಲಕಿ, ಬುಗುರಿ, ಪುಟ್ಟ ರೈಲುಗಾಡಿಗಳು ವಾಕ್ ಚಿಕಿತ್ಸಕರಿಗೆ ಒಳ್ಳೆಯ ಸಾಧನಗಳು. ರೈಲುಗಾಡಿಯನ್ನು ಮಗುವಿನ ಕೈಗೆ ತಟ್ಟನೆ ಕೊಡದೆ, ಕಣ್ಣೆದುರು ಹಿಡಿದು ಕಾಯಬೇಕು. ಮಗು ಕೈ ಚಾಚಿದಾಗ ‘ಬೇಕಾ?’ ಎನ್ನಬೇಕು. ಒಂದು ದಿನ ಅದರ ಬಾಯಿಂದ ‘ಬೇ’ ಎಂಬ ಸದ್ದಾದರೂ ಹೊರಡುತ್ತದೆ. ಆ ಕ್ಷಣವೇ ಗಾಡಿ ಅದರ ಕೈ ಸೇರಬೇಕು. ಮಾತಾಡಿದರೆ ಫಲವುಂಟೆಂದು ಮಗುವಿಗೆ ಮನವರಿಕೆಯಾಗುವುದು ಹೀಗೆ.

ನೋಡುವವರಿಗೆ ಇದು ಬರಿಯ ಆಟ. ಎಷ್ಟು ಹೊತ್ತು ಕಾಯಬೇಕು, ಯಾವ ಸದ್ದನ್ನು ಮೊದಲು ಆರಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ತಿಳಿಯುವುದಕ್ಕೆ ಮಾತ್ರ ವರ್ಷಗಳ ಅಭ್ಯಾಸ ಬೇಕು. ಒಳ್ಳೆಯ ಚಿಕಿತ್ಸಕರು ಈ ಆಟವನ್ನು ತಾಯಿಗೂ ಕಲಿಸಿ ಕಳುಹಿಸುತ್ತಾರೆ. ವಾರದಲ್ಲಿ ಒಂದು ಗಂಟೆ ಕ್ಲಿನಿಕ್ಕಿನಲ್ಲಿ ಕಲಿತದ್ದು ಫಲಿಸುವುದು ಮಿಕ್ಕ ಹೊತ್ತಿನಲ್ಲಿ, ಅಡುಗೆಮನೆಯಲ್ಲಿಯೂ ಜಗಲಿಯ ಮೇಲೂ. ಮಾಗಡಿಯಿಂದ ಬಸ್ಸು ಹಿಡಿದು ಬರುವ ತಾಯಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ತಂದೆತಾಯಿಯರಿಗೂ ತರುಣರಿಗೂ

ಕೆಲವು ಸಂಗತಿಗಳನ್ನು ಪ್ರತಿ ಮನೆಯೂ ನೆನಪಿಡಬೇಕು. ಕೂಸು ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ಸಂದೇಹವಿದ್ದರೆ ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿದ ಕ್ರಮ. ವರ್ಷದ ಹೊತ್ತಿಗೆ ಒಂದೆರಡು ಮಾತು, ಎರಡು ವರ್ಷಕ್ಕೆ ಎರಡು ಪದ ಕೂಡಿಸಿದ ‘ಅಮ್ಮ ಬಾ’ ಬರಬೇಕು. ಬಾರದಿದ್ದರೆ ಪರೀಕ್ಷೆ ಮಾಡಿಸಿದ್ದರಿಂದ ನಷ್ಟವೇನೂ ಇಲ್ಲ. ಕಾದು ಕುಳಿತರೆ ಮಾತ್ರ ನಷ್ಟ. ಬಜೆಯನ್ನೂ ಹರಕೆಯನ್ನೂ ನಂಬಿ ಈ ಪರೀಕ್ಷೆಯನ್ನು ಮುಂದೂಡುವುದು ತರವಲ್ಲ.

ಪಿ.ಯು.ಸಿ. ಮುಗಿಸಿ ಮುಂದೇನೆಂದು ಯೋಚಿಸುತ್ತಿರುವ ತರುಣ ತರುಣಿಯರಿಗೆ ಈ ವೃತ್ತಿಯಲ್ಲಿ ಅವಕಾಶಕ್ಕೆ ಕೊರತೆಯಿಲ್ಲ. ಆಸ್ಪತ್ರೆಗಳಿವೆ, ವಿಶೇಷ ಶಾಲೆಗಳಿವೆ, ಸ್ವಂತ ಕ್ಲಿನಿಕ್ ತೆರೆಯಬಹುದು, ವಿದೇಶಕ್ಕೂ ಹೋಗಬಹುದು. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಕೇಂದ್ರಗಳಲ್ಲಿಯೂ ಶ್ರವಣ ಹಾಗೂ ವಾಕ್ ತಜ್ಞರಿಗೆ ಸ್ಥಾನ ಕಲ್ಪಿಸಲಾಗಿದೆ. ಮಹಾನಗರದ ಸಂಪಾದನೆ ಯಾರನ್ನಾದರೂ ಸೆಳೆಯುವಂಥದೇ, ಅದನ್ನು ತಪ್ಪೆನ್ನಲಾಗದು.

ಆದರೆ ‘ಆಲು’ ಎಂದರೆ ಹಾಲೆಂದು ವಿವರಣೆ ಬೇಕಿಲ್ಲದೆ ತಿಳಿಯುವ ಕಿವಿ ಆ ಸೀಮೆಯಲ್ಲಿ ಬೆಳೆದವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಹೊರಗಿನವರು ಅದನ್ನು ವರ್ಷಗಟ್ಟಲೆ ಶ್ರಮಪಟ್ಟು ಸಂಪಾದಿಸಬೇಕು. ರಾಮನಗರದಿಂದಲೋ ಮಾಗಡಿಯಿಂದಲೋ ಹೋದ ಒಬ್ಬ ವಿದ್ಯಾರ್ಥಿನಿ ಆರು ವರ್ಷ ಓದಿ ಊರಿಗೆ ಮರಳಿ ಒಂದು ಪುಟ್ಟ ಕೋಣೆಯಲ್ಲಿ ಕುಳಿತರೂ ಸಾಕು, ಎಷ್ಟೋ ತಾಯಂದಿರಿಗೆ ದೂರದ ಪ್ರಯಾಣ ತಪ್ಪುತ್ತದೆ. ಎಷ್ಟೋ ಮಕ್ಕಳಿಗೆ ಮಾತು ಸಕಾಲದಲ್ಲಿ ದೊರಕುತ್ತದೆ.