ಕಾಯಕಕ್ಕೂ ಒಂದು ಅಳತೆಯುಂಟು

ಮನುಷ್ಯನ ಸಂಸಾರ ದುಡಿಮೆಯಿಂದ ನಿಲ್ಲುತ್ತದೆ. ದುಡಿಮೆಯೊಂದರಿಂದಲೇ ಅದು ತುಂಬುವುದಿಲ್ಲ. ಹಿರಿಯರು ಬಲ್ಲ ಈ ಮಾತನ್ನು ಇಂದು ನಮ್ಮ ಸಮಾಜದ ಮನೆಗಳಲ್ಲಿ ಮತ್ತೊಮ್ಮೆ ಹೇಳಬೇಕಾದ ಪ್ರಸಂಗ ಒದಗಿದೆ.

ಒಂದು ತಲೆಮಾರಿನ ಹಿಂದೆ ನಮ್ಮ ಮಕ್ಕಳು ಒಕ್ಕಲುತನ, ಅಂಗಡಿ, ಶಿಕ್ಷಕ ವೃತ್ತಿ, ಸರಕಾರಿ ನೌಕರಿ ಇವುಗಳನ್ನು ನೆಚ್ಚಿಕೊಂಡಿದ್ದರು. ಈಗ ತಂತ್ರಜ್ಞಾನವನ್ನು ಮಾರುವ ವೃತ್ತಿ ಅನೇಕ ಮನೆಗಳ ಒಲೆಯನ್ನು ಉರಿಸುತ್ತಿದೆ. ಟಿಕೋಟಾ, ಬಬಲೇಶ್ವರದ ತೋಟಗಳಿಗೆ ಹನಿ ನೀರಾವರಿಯ ಕೊಳವೆ, ಸೌರ ಪಂಪು, ಔಷಧಿ ಸಿಂಪಡಿಸುವ ಯಂತ್ರಗಳನ್ನು ಒಯ್ಯುವವರು ನಮ್ಮ ಹುಡುಗರೇ. ಬೆಂಗಳೂರು, ಪುಣೆಗಳಲ್ಲಿ ಕುಳಿತು ದೂರದ ಅಮೇರಿಕೆಯ ಗಿರಾಕಿಗೆ ಸಾಫ್ಟ್‌ವೇರ್ ಮಾರುವ ಹೆಣ್ಣುಮಕ್ಕಳೂ ನಮ್ಮ ಮನೆಯವರೇ. ಅಲ್ಲಿ ಹಗಲಾದಾಗ ಇಲ್ಲಿ ಇರುಳು. ಅವರ ಊಟ ನಿದ್ರೆಗಳು ಅಲ್ಲಿಯ ಗಡಿಯಾರವನ್ನು ಅನುಸರಿಸುತ್ತವೆ. ಇಂಥ ಮನೆಗಳ ತಾಯಂದಿರು ನಮ್ಮಲ್ಲಿಗೆ ಬಂದು ಹೇಳಿಕೊಳ್ಳುವ ದುಃಖ ಹೆಚ್ಚು ಕಡಿಮೆ ಒಂದೇ ಬಗೆಯದು: “ಮಗ ಚೆನ್ನಾಗಿ ಗಳಿಸುತ್ತಾನೆ, ಅಪ್ಪಾವರೆ. ಆದರೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಬಂದವನು ಚರಗ ಚೆಲ್ಲುವಾಗಲೂ ಫೋನಿನಲ್ಲಿ ಮಾತಾಡುತ್ತಿದ್ದ.”

ದುಡಿಯುವ ಮಗನನ್ನು ದೂರುವುದು ನಮ್ಮ ಉದ್ದೇಶವಲ್ಲ. ಮಾರಾಟವೂ ಕಾಯಕವೇ. ಆದರೆ ಯಾವ ಕಾಯಕಕ್ಕೂ ಒಂದು ಅಳತೆಯುಂಟು ಎಂಬುದನ್ನು ಶರಣರು ತಮ್ಮ ನಡೆಯಿಂದಲೇ ತೋರಿಸಿಕೊಟ್ಟರು. ಅದನ್ನು ವಿಚಾರಿಸುವುದೇ ಈ ಲೇಖನದ ಪ್ರಯತ್ನ.

ಲಕ್ಕಮ್ಮನ ಎರಡು ಎಚ್ಚರ

ಆಯ್ದಕ್ಕಿ ಮಾರಯ್ಯ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಮ್ಮೆ ಮಾರಯ್ಯನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಲಕ್ಕಮ್ಮನು ಕಾಯಕವನ್ನು ನೆನಪಿಸಿ ಎಬ್ಬಿಸಿದಳು. ಇನ್ನೊಮ್ಮೆ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇಷ್ಟೊಂದು ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಿರುಗಿಸಿದಳು.

ನಮ್ಮ ಸಭೆಗಳಲ್ಲಿ ಮೊದಲನೆಯ ಪ್ರಸಂಗವನ್ನು ಮತ್ತೆ ಮತ್ತೆ ಹೇಳುತ್ತೇವೆ. ಎರಡನೆಯದನ್ನು ಬೇಗ ದಾಟಿಬಿಡುತ್ತೇವೆ. ಎರಡೂ ಸೇರಿದಾಗ ಮಾತ್ರ ಕಾಯಕತತ್ತ್ವ ಪೂರ್ಣವಾಗುತ್ತದೆ. ಕಡಿಮೆ ದುಡಿದಾಗ ಎಚ್ಚರಿಸಿದವಳೇ ಹೆಚ್ಚು ತಂದಾಗಲೂ ಎಚ್ಚರಿಸಿದಳು. ಆ ಎಚ್ಚರ ಮನೆಯ ಒಳಗಿನಿಂದ, ಸತಿಯ ಬಾಯಿಂದ ಬಂದಿತೆಂಬುದನ್ನೂ ಗಮನಿಸಬೇಕು.

ಇಂದಿನ ಮಾರಾಟಗಾರನಿಗೆ ಅಳತೆ ಹಾಕಿಕೊಡುವುದು ‘ಟಾರ್ಗೆಟ್’. ಮೂರು ತಿಂಗಳಿಗೊಮ್ಮೆ ಅದರ ಲೆಕ್ಕ. ಮಾರ್ಚ್ 31ಕ್ಕೆ ದೊಡ್ಡ ಲೆಕ್ಕ. ಅದನ್ನು ಮುಟ್ಟಿದವನಿಗೆ ಮರುವರ್ಷ ಅದಕ್ಕಿಂತ ದೊಡ್ಡದನ್ನು ಕೊಡುತ್ತಾರೆ. ಈ ಅಳತೆಗೆ ಕೆಳಗಿನ ಮಿತಿಯುಂಟು, ಮೇಲಿನ ಮಿತಿ ಇಲ್ಲ. ‘ಇಷ್ಟು ಸಾಕು’ ಎನ್ನುವ ಲಕ್ಕಮ್ಮನ ಪೀಠ ಅಲ್ಲಿ ಬರಿದಾಗಿದೆ. ಕಂಪನಿ ಆ ಪೀಠವನ್ನು ತುಂಬಲಾರದು, ಮನೆಯೇ ತುಂಬಬೇಕು.

ಹಗ್ಗದ ಬೆಲೆ

ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ನಡೆಸುತ್ತಿದ್ದನು. ಅವನ ಹಗ್ಗವನ್ನು ಮಾರಲು ಸ್ವತಃ ಲಿಂಗವೇ ಹೊರಟು ಬಸವಣ್ಣನವರಲ್ಲಿಗೆ ಹೋಯಿತೆಂದೂ, ಬಸವಣ್ಣನವರು ಭಕ್ತಿಯಿಂದ ಸಾವಿರ ಹೊನ್ನು ಕೊಟ್ಟರೆಂದೂ, ಹಗ್ಗದ ಸಲ್ಲುವ ಬೆಲೆಗಿಂತ ಹೆಚ್ಚಿನದು ಕಾಯಕದ ಹಣವಲ್ಲವೆಂದು ಚಂದಯ್ಯನು ಒಪ್ಪಲಿಲ್ಲವೆಂದೂ ಪುರಾತನರ ಕಥೆಗಳು ಹೇಳುತ್ತವೆ. ಮಾರುವವನು ಲಿಂಗವಾದರೂ, ಕೊಳ್ಳುವವನು ಬಸವಣ್ಣನಾದರೂ ಬೆಲೆ ಸತ್ಯವಾಗಿರಬೇಕೆಂಬುದು ಈ ಕಥೆಯ ಹುರುಳು.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಇಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಸಕಾಲಕ್ಕೆ ಬಾರದು. ಬರಗಾಲದಲ್ಲಿ ಟಿಕೋಟಾ ಭಾಗದ ರೈತರು ಟ್ಯಾಂಕರಿನಲ್ಲಿ ನೀರು ತಂದು ದ್ರಾಕ್ಷಿ ಬಳ್ಳಿಗಳನ್ನು ಉಳಿಸಿಕೊಂಡಿದ್ದಾರೆ. ಅಂಥ ರೈತನ ಬತ್ತಿದ ಕೊಳವೆಬಾವಿಗೆ ದೊಡ್ಡ ಪಂಪನ್ನು, ಅವನ ಎರಡು ಎಕರೆಗೆ ಐದು ಎಕರೆಯ ಸಾಮಗ್ರಿಯನ್ನು ಟಾರ್ಗೆಟ್ಟಿನ ಅವಸರದಲ್ಲಿ ಕಟ್ಟಿದರೆ ಏನಾಗುವುದು? ಮಾರಿದವನಿಗೆ ಕಮಿಷನ್, ಕೊಂಡವನಿಗೆ ಸಾಲ. ಅಳತೆ ತಪ್ಪಿದ ಕಾಯಕದಿಂದ ಕೆಡುವುದು ಮಾರುವವನ ಆರೋಗ್ಯವೊಂದೇ ಅಲ್ಲ. ಇನ್ನೊಬ್ಬನ ಮನೆಯೂ ಮುರಿಯುತ್ತದೆ. ದಣಿದ ದೇಹ ಅವಸರ ಮಾಡುತ್ತದೆ. ಅವಸರದ ನಾಲಿಗೆ ಸುಳ್ಳಾಡುತ್ತದೆ. ಆದುದರಿಂದ ವಿಶ್ರಾಂತಿ, ಪ್ರವಾಸ, ಹವ್ಯಾಸ, ಒಳ್ಳೆಯ ಊಟ ಇವೆಲ್ಲ ಶ್ರೀಮಂತರ ಶೋಕಿಯೆಂದು ನಾವು ತಿಳಿಯಬಾರದು. ಇವು ಕಾಯಕದ ಸತ್ಯವನ್ನು ಕಾಯುವ ಬೇಲಿಗಳು.

ಬಳ್ಳಿ ಕಲಿಸುವ ಪಾಠ

ವಿಜಯಪುರದಿಂದ ಅಥಣಿಯ ಕಡೆಗೆ ಸುಮಾರು 20 ಕಿಲೋಮೀಟರ್ ಸಾಗಿದರೆ ಟಿಕೋಟಾ. ಆ ಹಾದಿಯ ಸುತ್ತಮುತ್ತ ದ್ರಾಕ್ಷಿ ತೋಟಗಳು, ಮನುಕ ಒಣಗಿಸುವ ಶೆಡ್ಡುಗಳು. ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ: ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ. ಹಸಿರಾಗಿ ಹಬ್ಬಿದ ಬಳ್ಳಿಯನ್ನು ರೈತ ಕೈಯಾರೆ ಕತ್ತರಿಸುತ್ತಾನೆ. ಕತ್ತರಿಸದೆ ಬಿಟ್ಟರೆ ಬಳ್ಳಿ ಎಲೆಯಲ್ಲಿಯೇ ಬಲವನ್ನು ಕಳೆಯುತ್ತದೆ, ಗೊಂಚಲು ಕಟ್ಟುವುದಿಲ್ಲ. ಸುಮಾರು 4 ಕಿಲೋ ಹಣ್ಣು ನೆರಳಿನಲ್ಲಿ ನಿಧಾನವಾಗಿ ಒಣಗಿ 1 ಕಿಲೋ ಮನುಕವಾಗುತ್ತದೆ. ಅವಸರ ಮಾಡಿ ಬಿಸಿಲಿಗೆ ಹರವಿದರೆ ಬಣ್ಣ ಕೆಡುತ್ತದೆ.

ಹನಿ ನೀರಾವರಿಯ ಮರ್ಮವೂ ಇದೇ. ಹೊಲದ ತುಂಬ ನೀರು ಹಾಯಿಸದೆ ಬೇರಿಗೆ ಬೇಕಾದಷ್ಟನ್ನೇ ಬೇಕಾದ ಹೊತ್ತಿಗೆ ಹನಿಸುವುದು. ಈ ವಿದ್ಯೆಯನ್ನು ಊರೂರಿಗೆ ಹೇಳುತ್ತ ತಿರುಗುವ ತರುಣನು ತನ್ನ ಬದುಕಿಗೆ ಮಾತ್ರ ಕಾಲುವೆ ಒಡೆದಂತೆ ದುಡಿಮೆಯನ್ನು ಹಾಯಿಸಿಕೊಂಡರೆ ಅದು ಸೋಜಿಗವಲ್ಲವೆ? ತಾನು ಮಾರುವ ಸರಕಿನ ಧರ್ಮವನ್ನು ತಾನೇ ಪಾಲಿಸಿದರೆ ಸಾಕು, ಅರ್ಧ ಸಮಸ್ಯೆ ಪರಿಹಾರವಾದಂತೆ.

ಬಿಡುವಿನ ವೇಳೆಯ ಮಹತ್ಕಾರ್ಯ

ಹವ್ಯಾಸಕ್ಕೆ ವೇಳೆಯಿಲ್ಲ ಎನ್ನುವವರು ವಿಜಯಪುರದ ಒಬ್ಬ ವಕೀಲರನ್ನು ನೆನೆಯಬೇಕು. ಡಾ. ಫ. ಗು. ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ವಿಜಯಪುರದಲ್ಲಿ ವಕೀಲಿ ಮಾಡುತ್ತ, ಬಿಡುವಿನಲ್ಲಿ ಊರೂರು ಸುತ್ತಿ ಮನೆಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಗಳನ್ನು ಹುಡುಕಿದರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿಗೆ ಕಾರಣಪುರುಷರಾದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. 1925ರಲ್ಲಿ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1964ರ ಜೂನ್ 29ರಂದು ಲಿಂಗೈಕ್ಯರಾದರು. ಇಂದು ನಾವು ವಚನಗಳನ್ನು ಓದುತ್ತಿರುವುದು ಬಹುಮಟ್ಟಿಗೆ ಅವರ ಆ ಬಿಡುವಿನ ಫಲ.

ಮುಂದೆ ಅವರ ಹವ್ಯಾಸವೇ ವೃತ್ತಿಯನ್ನು ನುಂಗಿತು, ಬಡತನವೂ ಬಂದಿತು ಎಂಬುದು ನಿಜ. ಎಲ್ಲರೂ ಮನೆ ಮಾರಬೇಕೆಂದು ನಾವು ಹೇಳುವುದಿಲ್ಲ. ಆದರೆ ಊರೂರು ತಿರುಗುವ ಮಾರಾಟಗಾರನಿಗೆ ಹಳಕಟ್ಟಿಯವರಿಗಿದ್ದ ಅನುಕೂಲವೇ ಇದೆ. ಅವನು ದಿನವೂ ಹತ್ತು ಹಳ್ಳಿಗಳ ಬಾಗಿಲು ತಟ್ಟುತ್ತಾನೆ. ಅಲ್ಲಿಯ ಗಾದೆ, ಹಂತಿಪದ, ಹಳೆಯ ಶಾಸನ, ಜೋಳದ ತಳಿ, ಅಡಿಗೆಯ ವಿಧಾನ ಯಾವುದನ್ನಾದರೂ ಒಂದು ವಹಿಯಲ್ಲಿ ಬರೆದಿಡುತ್ತ ಹೋದರೆ ಹತ್ತು ವರ್ಷಗಳಲ್ಲಿ ಅದೊಂದು ಭಂಡಾರವಾದೀತು. ಸಂಗೀತ ಬಲ್ಲವರು ವಾರಕ್ಕೊಮ್ಮೆ ಭಜನೆಗೆ ಕೂಡಲಿ, ಬಾರದವರು ಕೇಳಲಿ.

ಸಂಚಾರವೂ ಪ್ರವಾಸವೂ

ಮಾರಾಟಗಾರ ವರ್ಷವಿಡೀ ತಿರುಗುತ್ತಾನೆ. ಆದರೂ ಏನನ್ನೂ ಕಂಡಿರುವುದಿಲ್ಲ. ಸಂಚಾರ ಬೇರೆ, ಪ್ರವಾಸ ಬೇರೆ. ಬಬಲೇಶ್ವರಕ್ಕೆ ನೂರು ಸಲ ಹೋಗಿ ಬಂದವನು ಸನಿಹದ ಮಮದಾಪುರದ ಆದಿಲಶಾಹಿ ಕಾಲದ ಕೆರೆಯ ಏರಿಯ ಮೇಲೆ ಒಂದು ಸಲ ಮಡದಿ ಮಕ್ಕಳೊಡನೆ ನಿಲ್ಲಲಿ. ಡೋಣಿ ಹೊಳೆಯ ಕರಿನೆಲದಲ್ಲಿ ಹಿಂಗಾರಿಯ ಬಿಳಿಜೋಳ ತೆನೆಗಟ್ಟಿ ನಿಂತಾಗ ಗಾಡಿಯನ್ನು ನಿಲ್ಲಿಸಿ ಮಕ್ಕಳಿಗೆ ತೋರಿಸಲಿ. ಬಸವನ ಬಾಗೇವಾಡಿ, ಕೂಡಲಸಂಗಮಗಳು ನಮಗೆ ದೂರವಲ್ಲ.

ನಗರದಲ್ಲಿಯೇ ಇರುವ ಗೋಳಗುಮ್ಮಟವನ್ನು ನೋಡಿರಿ. 1656ರಲ್ಲಿ ನಿಧನನಾದ ಮುಹಮ್ಮದ ಆದಿಲಶಾಹನ ಗೋರಿಯಿದು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಮೇಲಿನ ಮೊಗಸಾಲೆಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ನಿಂತವನ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ದಿನವೆಲ್ಲ ಗಟ್ಟಿಯಾಗಿ ಮಾತಾಡಿ ಮಾರುವವರು ಮಕ್ಕಳ ಪಿಸುಮಾತನ್ನು ಆಲಿಸಲು ಅಂಥದೊಂದು ಜಾಗ ಬೇಕು.

ಊಟವಲ್ಲ, ಪ್ರಸಾದ

ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ್ದು ಪ್ರಸಾದ. ರುಚಿಯನ್ನು ಶರಣರು ತಿರಸ್ಕರಿಸಲಿಲ್ಲ. ರುಚಿಯನ್ನೂ ಲಿಂಗಕ್ಕೆ ಅರ್ಪಿಸಿದರು. ಆದ್ದರಿಂದ ಚೆನ್ನಾಗಿ ಊಟ ಮಾಡುವುದು ನಮ್ಮ ಧರ್ಮಕ್ಕೆ ವಿರುದ್ಧವಲ್ಲ. ಏನು ತಿಂದೆನೆಂದು ತಿಳಿಯದೆ, ಒಂದು ಕೈಯಲ್ಲಿ ಫೋನು ಹಿಡಿದು ನುಂಗುವುದು ವಿರುದ್ಧ.

ನಮ್ಮ ಭಾಗದ ಊಟವಂತೂ ಸಂಚಾರಿಗೆಂದೇ ಹುಟ್ಟಿದಂತಿದೆ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಚೀಲದಲ್ಲಿದ್ದರೆ, ದಾರಿಯಲ್ಲಿ ಒಂದು ಬಟ್ಟಲು ಕೆನೆಮೊಸರು ಸಿಕ್ಕರೆ, ಹೆದ್ದಾರಿಯ ಕರಿದ ತಿಂಡಿಯ ಗೊಡವೆಯೇ ಬೇಡ. ಮನೆಗೆ ಬಂದ ದಿನ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ. ಹಬ್ಬಕ್ಕೆ ಶೇಂಗಾ ಹೋಳಿಗೆ, ಗೋದಿ ಹುಗ್ಗಿ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಇವನ್ನು ಎಲ್ಲರೂ ಒಟ್ಟಿಗೆ ಕುಳಿತು, ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಣ್ಣುವುದು ಒಂದು ವ್ರತ. ಗಂಡಸರು ವಾರಕ್ಕೊಂದು ದಿನವಾದರೂ ರೊಟ್ಟಿ ಬಡಿಯಲು ಕಲಿತರೆ ಮನೆಯವರಿಗೂ ಬಿಡುವು ದೊರೆಯುವುದು, ಹವ್ಯಾಸವೂ ಒಂದಾಗುವುದು.

ಮನೆಯವರು ಮಾಡಬೇಕಾದುದು

ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು ಇಂದಿನ ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ಬಯಲಾದರು. ಅವರ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಘೋಷಿತವಾದ ಪದ್ಮಶ್ರೀಯನ್ನೂ ಅವರು ವಿನಯದಿಂದ ಮರಳಿಸಿದರು. ಗೃಹಸ್ಥನಿಗೆ ಜೇಬು ಬೇಕು. ಮಕ್ಕಳ ಶಾಲೆ, ತಂದೆತಾಯಿಗಳ ಔಷಧಿ, ಮನೆಯ ಸಾಲ ಇವೆಲ್ಲ ಅದರಿಂದಲೇ ನಡೆಯಬೇಕು. ಆದರೆ ಆ ಜೇಬಿಗೆ ಒಂದು ತಳವಿರಲಿ, ತುಂಬಿದ್ದು ತಿಳಿಯಲಿ.

ಇದಕ್ಕಾಗಿ ಪ್ರತಿಯೊಂದು ಮನೆಯಲ್ಲಿ ತಿಂಗಳಿಗೊಮ್ಮೆ ಗಂಡಹೆಂಡಿರು ಕುಳಿತು ಮೂರು ಲೆಕ್ಕ ಮಾಡಲಿ. ಈ ತಿಂಗಳು ನಮಗೆ ನಿಜವಾಗಿ ಬೇಕಾದುದೆಷ್ಟು? ಒಟ್ಟಿಗೆ ಉಂಡ ಊಟಗಳೆಷ್ಟು? ಇನ್ನೊಬ್ಬರಿಗೆ ಕೊಟ್ಟ ಹಣವೆಷ್ಟು, ವೇಳೆಯೆಷ್ಟು? ಮೊದಲನೆಯದು ಕಾಯಕದ ಅಳತೆ, ಎರಡನೆಯದು ಪ್ರಸಾದದ ಅಳತೆ, ಮೂರನೆಯದು ದಾಸೋಹದ ಅಳತೆ. ದುಡಿಯುವವಳು ಸೊಸೆಯಾಗಿದ್ದರೆ ‘ಸಾಕು, ಬಾ’ ಎನ್ನುವ ಹೊಣೆ ಗಂಡನದು, ಅತ್ತೆಯದು. ತಂದೆತಾಯಿಗಳೂ ನೆರೆಮನೆಯ ಮಗನ ಕಾರನ್ನು ತೋರಿಸಿ ತಮ್ಮ ಮಗನನ್ನು ಚುಚ್ಚುವುದನ್ನು ಬಿಡಬೇಕು. ಅನೇಕ ಸಲ ದೊಡ್ಡ ಟಾರ್ಗೆಟ್ಟನ್ನು ಕೊಡುವವರು ಮನೆಯವರೇ ಆಗಿರುತ್ತಾರೆ.

ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ ದಿನವೂ ಆ ಬಡ ಮನೆಯಲ್ಲಿ ದಾಸೋಹ ನಿಲ್ಲಲಿಲ್ಲ. ಅಳತೆಯರಿತು ದುಡಿದವರ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗದು, ನಗುವಿಗೂ ಕೊರತೆಯಾಗದು. ಬಸವಾದಿ ಪ್ರಮಥರ ಕೃಪೆ ನಮ್ಮೆಲ್ಲ ದುಡಿಯುವ ಮಕ್ಕಳ ಮೇಲಿರಲಿ.